ಆರು ಕಂಪ್ಯೂಟರ್, ಒಂದೇ ಹೆಸರು

ದಾವಣಗೆರೆಯ ಪಿ.ಜೆ. ಬಡಾವಣೆಯ ಒಂದು ಡಿಟಿಪಿ ಅಂಗಡಿಯ ಕಂಪ್ಯೂಟರ್‌ಗಳನ್ನು ನೋಡಿಕೊಳ್ಳೋದು ನಾನು. ಆರು ಲಿನಕ್ಸ್ ಕಂಪ್ಯೂಟರ್, ಒಂದು ಸರ್ವರ್. ಮದುವೆ ಪತ್ರಿಕೆ, ಕರಪತ್ರದ ಫೈಲೆಲ್ಲ ಸರ್ವರ್‌ನಲ್ಲಿ. ಎನ್‌ಎಫ್‌ಎಸ್ (ಒಂದು ಕಂಪ್ಯೂಟರ್‌ನ ಫೈಲ್‌ಗಳನ್ನು ನೆಟ್‌ವರ್ಕ್‌ನಲ್ಲಿ ಹಂಚಿಕೊಳ್ಳೋ ವ್ಯವಸ್ಥೆ) ಮೂಲಕ ಎಲ್ಲರೂ ಅದನ್ನೇ ಬಳಸುತ್ತಾರೆ.

ಬೇಸಿಗೆಯಲ್ಲಿ ಕರೆಂಟ್ ಹೋಗೋದು ಜಾಸ್ತಿ. ಸರ್ವರ್‌ನ ಯುಪಿಎಸ್ ಬ್ಯಾಟರಿ ಹಳೆಯದಾಗಿತ್ತು. ಮಿಕ್ಕ ಕಂಪ್ಯೂಟರ್‌ಗಳು ಚಾಲೂ ಇರುತ್ತಿದ್ದವು, ಸರ್ವರ್ ಮಾತ್ರ ಆಫ್ ಆಗಿ ಮತ್ತೆ ಆನ್ ಆಗುತ್ತಿತ್ತು. ಆಮೇಲೆ ತೆರೆದಿದ್ದ ಫೈಲ್ ಸೇವ್ ಆಗುತ್ತಿರಲಿಲ್ಲ. "ಸಾರ್, ಮತ್ತೆ ಹ್ಯಾಂಗ್ ಆತು ನೋಡ್ರಿ" ಅಂತ ಹುಡುಗರ ಫೋನ್.

ಎನ್‌ಎಫ್‌ಎಸ್ 4ರಲ್ಲಿ ಯಾವ ಫೈಲ್ ಯಾರು ತೆರೆದಿದ್ದಾರೆ, ಲಾಕ್ (ಒಬ್ಬರು ಬರೆಯುವಾಗ ಇನ್ನೊಬ್ಬರು ಕೈಹಾಕದಂತೆ ಫೈಲಿಗೆ ಹಾಕೋ ಬೀಗ) ಯಾರ ಹತ್ತಿರ ಇದೆ ಅನ್ನೋದು ಸರ್ವರ್‌ಗೆ ನೆನಪಿರುತ್ತದೆ. ರೀಸ್ಟಾರ್ಟ್ ಆದರೆ ಆ ನೆನಪು ಹೋಯಿತು. ಅದಕ್ಕೇ ಗ್ರೇಸ್ ಪೀರಿಯಡ್ ಇರೋದು, ಲಿನಕ್ಸ್‌ನಲ್ಲಿ ಮಾಮೂಲಿಯಾಗಿ 90 ಸೆಕೆಂಡ್. ಅಷ್ಟರೊಳಗೆ ಹಳೇ ಕ್ಲೈಂಟ್‌ಗಳು, ಅಂದರೆ ಸರ್ವರ್ ಬಳಸುತ್ತಿದ್ದ ಕಂಪ್ಯೂಟರ್‌ಗಳು, ಬಂದು "ಈ ಲಾಕ್ ನಂದು" ಅಂತ ವಾಪಸ್ ಕೇಳಬೇಕು. ಹೊಸ ಲಾಕ್ ಅಲ್ಲಿವರೆಗೆ ಯಾರಿಗೂ ಇಲ್ಲ.

90 ಸಾಲುತ್ತಿಲ್ಲವೇನೋ ಅಂತ 180 ಮಾಡಿದೆ. ಕಾಯೋದು ಜಾಸ್ತಿಯಾಯಿತು, ಅಷ್ಟೇ. ಸಾಫ್ಟ್ ಮೌಂಟ್ ಮಾಡು, ಅಂದರೆ ಕ್ಲೈಂಟ್ ಸ್ವಲ್ಪ ಹೊತ್ತು ಕಾದು ಕೈಬಿಡೋ ಹಾಗೆ ಸರ್ವರ್‌ಗೆ ಜೋಡಿಸು ಅಂತ ಗೆಳೆಯ ಹೇಳಿದ. ಅದಕ್ಕೆ ನಾನು ಒಪ್ಪಲಿಲ್ಲ. ಸರ್ವರ್ ಉತ್ತರ ಕೊಡದಿದ್ದರೆ ಬರೆಯೋದು ಅರ್ಧಕ್ಕೇ ನಿಂತು ಫೈಲ್ ಕೆಡಬಹುದು. ಇನ್ನೊಬ್ಬರ ಮನೆ ಮದುವೆ ಪತ್ರಿಕೆ ಅದು, ಅಲ್ವಾ?

ಕ್ಲೈಂಟ್‌ನ ಕರ್ನಲ್ (ಲಿನಕ್ಸ್‌ನ ತಿರುಳು) ಬರೆದಿಡೋ ಲಾಗ್‌ನಲ್ಲಿ "ಲಾಕ್ ರಿಕ್ಲೇಮ್ ಫೇಲ್ಡ್", ಅಂದರೆ ಲಾಕ್ ವಾಪಸ್ ಸಿಗಲಿಲ್ಲ ಅಂತ ಸಾಲುಸಾಲಾಗಿ ಬಂದಿತ್ತು. ಸರ್ವರ್‌ನ ಪ್ರೊಕ್ (ಕರ್ನಲ್ ತನ್ನ ಮಾಹಿತಿ ತೋರಿಸೋ ಜಾಗ) ಒಳಗೆ ಎನ್‌ಎಫ್‌ಎಸ್‌ಡಿಯ, ಅಂದರೆ ಎನ್‌ಎಫ್‌ಎಸ್ ಸರ್ವರ್‌ನ, ಕ್ಲೈಂಟ್ಸ್ ಫೋಲ್ಡರ್ ಇದೆ. ಕರ್ನಲ್ 5.3ರಿಂದ ಈಚೆಗೆ ಬಂದದ್ದು. ತೆರೆದು ನೋಡಿದರೆ ಆರು ಕ್ಲೈಂಟ್ ಇರಬೇಕಾದಲ್ಲಿ ಒಂದೇ ಇತ್ತು. ಮತ್ತೆ ನೋಡಿದೆ. ಹೆಸರು ಅದೇ, ಐಪಿ ವಿಳಾಸ ಬೇರೆ!

ಆಗ ಹೊಳೆಯಿತು. ಒಂದೇ ಡಿಸ್ಕ್ ಕ್ಲೋನ್ ಮಾಡಿ ಆರೂ ಕಂಪ್ಯೂಟರ್‌ಗೆ ಹಾಕಿದ್ದೆ, ಹೋಸ್ಟ್‌ನೇಮ್ (ನೆಟ್‌ವರ್ಕ್‌ನಲ್ಲಿ ಕಂಪ್ಯೂಟರ್‌ನ ಹೆಸರು) ಬದಲಿಸಿರಲಿಲ್ಲ. ನಮ್ಮ ಎನ್‌ಎಫ್‌ಎಸ್ 4.2 ಮೌಂಟ್‌ನಲ್ಲಿ ಕ್ಲೈಂಟ್ ತನ್ನ ಗುರುತು ಹೇಳೋದು ಆ ಹೆಸರಿನಿಂದಲೇ. ಎರಡನೆಯದು ಬಂದಾಗ, ಮೊದಲನೆಯದೇ ರೀಬೂಟ್ ಆಗಿ ಬಂದಿದೆ ಅಂದುಕೊಂಡು ಸರ್ವರ್ ಅದರ ಲಾಕ್‌ಗಳನ್ನೆಲ್ಲ ಬಿಸಾಕುತ್ತಿತ್ತು. ಮಾಮೂಲಿ ದಿನಗಳಲ್ಲೂ ಫೈಲ್ ತೆರೆಯೋಕೆ ತಡವಾಗುತ್ತಿದ್ದದ್ದು ಇದಕ್ಕೇ. ನಾನು ಸ್ವಿಚ್ ಮೇಲೆ ಅನುಮಾನ ಪಟ್ಟಿದ್ದೆ.

ಡಿಟಿಪಿ1ರಿಂದ ಡಿಟಿಪಿ6ರವರೆಗೆ ಹೆಸರಿಟ್ಟು ಆರನ್ನೂ ರೀಬೂಟ್ ಮಾಡಿದೆ. ಹೋಸ್ಟ್‌ನೇಮ್ ಬದಲಿಸೋಕೆ ಆಗದಿದ್ದರೆ ಪ್ರತಿ ಕಂಪ್ಯೂಟರ್‌ನ ಎನ್‌ಎಫ್‌ಎಸ್ ಮಾಡ್ಯೂಲ್‌ಗೆ (ಕರ್ನಲ್‌ನ ಎನ್‌ಎಫ್‌ಎಸ್ ಭಾಗಕ್ಕೆ) ಬೇರೆ ಬೇರೆ ಯೂನಿಕ್ ಐಡಿ ಕೊಡಬಹುದು. ಗ್ರೇಸ್ ವಾಪಸ್ 90ಕ್ಕೆ ತಂದೆ.

ಸಂಜೆ ಅಂಗಡಿ ಖಾಲಿಯಾದ ಮೇಲೆ ಆರರಲ್ಲೂ ಫೈಲ್ ತೆರೆದಿಟ್ಟು ಸರ್ವರ್ ರೀಸ್ಟಾರ್ಟ್ ಮಾಡಿದೆ. ಸ್ವಲ್ಪ ಹೊತ್ತು ಎಲ್ಲ ನಿಂತವು. ಆಮೇಲೆ ಒಂದೊಂದಾಗಿ ಆರೂ ಸೇವ್ ಆದವು.