ಕೆಂಪೋ ಕಪ್ಪೋ? ಹೊಲದ ಮಣ್ಣನ್ನು ಬುಡದಿಂದ ನೋಡುವುದು ಹೇಗೆ

ಗ್ರಾನೈಟ್ ಕರಗಿದರೆ ಕೆಂಪು ಮಣ್ಣು, ಬಸಾಲ್ಟ್ ಕರಗಿದರೆ ಕಪ್ಪು ಮಣ್ಣು ಎಂದು ಶಾಲೆಯಲ್ಲಿ ಓದಿರುತ್ತೇವೆ. ಇದು ಅರ್ಧ ಮಾತ್ರ ನಿಜ. ಸಿರುಗುಪ್ಪ, ಸಿಂಧನೂರು ಕಡೆಯ ಎರೆ ಭೂಮಿಯ, ಅಂದರೆ ಕಪ್ಪು ಮಣ್ಣಿನ, ಕೆಳಗೆ ಬಸಾಲ್ಟ್ ಇಲ್ಲ, ಗ್ರಾನೈಟ್ ಮತ್ತು ಅದರ ನೆಂಟ, ಪಟ್ಟೆ ಪಟ್ಟೆಯ ನೈಸ್ ಕಲ್ಲು ಇದೆ. ಅತ್ತ ಬೀದರಿನಲ್ಲಿ ಬಸಾಲ್ಟಿನ ಮೇಲೆಯೇ ಕೆಂಪು ಜಂಬಿಟ್ಟಿಗೆ ಕೂತಿದೆ. ಕಲ್ಲಿನಷ್ಟೇ ನೀರು, ಇಳಿಜಾರು, ಕಾಲ ಕೂಡ ಮಣ್ಣನ್ನು ತೀರ್ಮಾನಿಸುತ್ತವೆ. ನಿಮ್ಮ ಹೊಲದಲ್ಲಿ ಇದನ್ನು ನೋಡಲು ಸನಿಕೆ, ಗಾಜಿನ ಲೋಟ, ಒಂದು ಬಾಟಲಿ ನೀರು ಸಾಕು.

ಮೊದಲು ಕಡಿದ ಜಾಗ ಹುಡುಕಿ

ರಸ್ತೆಗೆ ಕಡಿದ ದಿಬ್ಬ, ಹೊಸ ಕೃಷಿಹೊಂಡ, ಯಾವುದಾದರೂ ಸರಿ. ಇಲ್ಲದಿದ್ದರೆ ಒಂದು ಮೀಟರ್ ಗುಂಡಿ ತೆಗೆಯಿರಿ. ಗೋಡೆಯನ್ನು ಸನಿಕೆಯಿಂದ ಸ್ವಲ್ಪ ಕೆರೆದು, ಕೆಳಗಿನಿಂದ ಮೇಲಕ್ಕೆ ನೋಡಿ.

ತಳದಲ್ಲಿ ಗಟ್ಟಿ ಬಂಡೆ. ಅದರ ಮೇಲೆ ಗರಸು. ನೋಡಲು ಕಲ್ಲಿನಂತೆಯೇ ಇರುತ್ತದೆ, ಪಟ್ಟೆಗಳೂ ಹಾಗೇ ಕಾಣುತ್ತವೆ, ಆದರೆ ಕೈಯಲ್ಲಿ ಹಿಡಿದರೆ ಪುಡಿಯಾಗುತ್ತದೆ. ಮಣ್ಣು ಹುಟ್ಟುವುದನ್ನು ಕಣ್ಣಾರೆ ನೋಡಬೇಕಿದ್ದರೆ ಇದೇ ಜಾಗ. ನೈಸ್ ಕಲ್ಲಿನ ಗರಸಿನಲ್ಲಿ ಬಿಳಿ ಫೆಲ್ಡ್‌ಸ್ಪಾರ್ ಖನಿಜ ಮೆತ್ತಗಾಗಿ ಜೇಡಿಯಾಗುತ್ತಿರುತ್ತದೆ. ಬೆಣಚುಕಲ್ಲಿನ ಹರಳು ಮಾತ್ರ ಜಪ್ಪಯ್ಯ ಅಂದರೂ ಕರಗುವುದಿಲ್ಲ, ಮರಳಾಗಿ ಉಳಿಯುತ್ತದೆ. ಮಧ್ಯೆ ಮಿನುಗುವುದು ಕಾಗೆಬಂಗಾರ. ಬಸಾಲ್ಟಿನಲ್ಲಿ ಬೆಣಚು ಇಲ್ಲವೆಂದೇ ಹೇಳಬೇಕು. ವಿಜಯಪುರದ ಎರೆಯಲ್ಲಿ ಮರಳು ಕಡಿಮೆ ಇರುವುದು ಅದಕ್ಕೇ. ಬಸಾಲ್ಟಿನ ಗುಂಡುಗಳು ಈರುಳ್ಳಿಯಂತೆ ಸಿಪ್ಪೆ ಸಿಪ್ಪೆಯಾಗಿ ಬಿಡುತ್ತವೆ.

ಗರಸಿನ ಮೇಲೆ ಜೇಡಿ ಇಳಿದು ಸೇರಿದ ಪದರ, ಅದರ ಮೇಲೆ ಬೇರು, ಹುಳುಗಳಿರುವ ಮೇಲ್ಮಣ್ಣು. ಒಂದೊಂದು ಸೆಂಟಿಮೀಟರ್ ಆಗಲೂ ನೂರಾರು ವರ್ಷ ಬೇಕು.

ಈಗ ಇಳಿಜಾರು ನೋಡಿ

ದಿಬ್ಬದ ಮೇಲೊಂದು, ತಗ್ಗಿನಲ್ಲೊಂದು ಗುಂಡಿ ಆದರೆ ಇನ್ನೂ ಒಳ್ಳೆಯದು. ಬಳ್ಳಾರಿ, ರಾಯಚೂರು ಸೀಮೆಯಲ್ಲಿ ಒಂದೇ ಕಲ್ಲಿನ ಮೇಲೆ ದಿಬ್ಬದಲ್ಲಿ ಮಸಾರಿ (ಕೆಂಪು ಮಣ್ಣು), ತಗ್ಗಿನಲ್ಲಿ ಎರೆ ಸಿಗುತ್ತದೆ. ದಿಬ್ಬದಲ್ಲಿ ನೀರು ನಿಲ್ಲುವುದಿಲ್ಲ. ಸುಣ್ಣ, ಮೆಗ್ನೀಸಿಯಂ ತೊಳೆದು ಹೋಗಿ ಉಳಿದ ಕಬ್ಬಿಣ ಗಾಳಿಗೆ ಕೆಂಪಾಗುತ್ತದೆ. ತೊಳೆದು ಹೋದದ್ದೆಲ್ಲ ತಗ್ಗಿನಲ್ಲಿ ಸೇರಿ, ಹಸಿಯಾದಾಗ ಉಬ್ಬುವ, ಒಣಗಿದಾಗ ಕುಗ್ಗುವ ಸ್ಮೆಕ್ಟೈಟ್ ಎಂಬ ಜೇಡಿ ಹುಟ್ಟುತ್ತದೆ. ಬೇಸಿಗೆಯಲ್ಲಿ ಎರೆ ಬಿರುಕು ಬಿಡುವುದು ಇದರಿಂದಲೇ. ಅಂದ ಹಾಗೆ, ಕಪ್ಪಾಗಿದೆ ಎಂದ ಮಾತ್ರಕ್ಕೆ ಸಾವಯವ ಅಂಶ ಜಾಸ್ತಿ ಎಂದು ಖುಷಿಪಡಬೇಡಿ. ನಮ್ಮ ಎರೆಯಲ್ಲಿ ಅದು ಸಾಮಾನ್ಯವಾಗಿ ಕಡಿಮೆಯೇ.

ಕರಾವಳಿಯಲ್ಲಿ ವರ್ಷಕ್ಕೆ 3000 ಮಿ.ಮೀ. ಮೀರಿ ಮಳೆ. ಅಲ್ಲಿ ಸಿಲಿಕಾ ಕೂಡ ತೊಳೆದು ಹೋಗಿ ಕಬ್ಬಿಣ, ಅಲ್ಯೂಮಿನಿಯಂ ಉಳಿಯುತ್ತವೆ. ನೆಲದೊಳಗೆ ಕಡಿಯುವಷ್ಟು ಮೆತ್ತಗಿದ್ದು ಹೊರಗೆ ಗಾಳಿ ಬಿಸಿಲಿಗೆ ಗಟ್ಟಿಯಾಗುವ ಮುರಕಲ್ಲು, ಅಂದರೆ ಜಂಬಿಟ್ಟಿಗೆ, ಹೀಗೆ ಆದದ್ದು.

ಬೆರಳಲ್ಲಿ ಹಿಸುಕಿ

ಕಲ್ಲುಹರಳು ತೆಗೆದ ಮಣ್ಣಿಗೆ ನೀರು ಹಾಕಿ ಕಣಕದ ಹದಕ್ಕೆ ನಾದಿ. ಹೆಬ್ಬೆರಳು, ತೋರುಬೆರಳ ನಡುವೆ ಒತ್ತುತ್ತಾ ಪಟ್ಟಿ ಎಳೆಯಿರಿ. 5 ಸೆಂ.ಮೀ. ದಾಟಿದರೂ ತುಂಡಾಗದಿದ್ದರೆ ಜೇಡಿ ಮಣ್ಣು. 2.5 ಸೆಂ.ಮೀ. ಒಳಗೇ ಮುರಿದರೆ ಗೋಡು, ಅಂದರೆ ಮರಳು, ಜೇಡಿ ಬೆರೆತ ಮಣ್ಣು. ಪಟ್ಟಿಯೇ ಬಾರದಿದ್ದರೆ ಮರಳು. ಜೇಡಿಯ ಕಣ 0.002 ಮಿ.ಮೀ.ಗಿಂತ ಸಣ್ಣದು, ಕಣ್ಣಿಗೆ ಕಾಣದು. ಬೆರಳಿಗೆ ಮಾತ್ರ ಜಿಗುಟಾಗಿ ತಿಳಿಯುತ್ತದೆ.

ಹೆಂಟೆ ಒಡೆದು ನೋಡಿ

ಎಷ್ಟು ಮರಳು, ಎಷ್ಟು ಜೇಡಿ ಎನ್ನುವುದು ಒಂದು ಲೆಕ್ಕ. ಆ ಕಣಗಳು ಹೇಗೆ ಅಂಟಿಕೊಂಡಿವೆ ಎನ್ನುವುದು ಬೇರೆಯದೇ ಲೆಕ್ಕ. ಮೊದಲನೆಯದನ್ನು ನೀವು ಬದಲಿಸಲಾರಿರಿ, ಎರಡನೆಯದನ್ನು ಕೆಡಿಸಲೂ ಸರಿಪಡಿಸಲೂ ಬಹುದು. ಹಾಗಾಗಿ ನನ್ನ ಪ್ರಕಾರ ಗಮನ ಇರಬೇಕಾದ್ದು ಇಲ್ಲಿ.

ಹೆಂಟೆಯನ್ನು ಎರಡೂ ಕೈಯಲ್ಲಿ ಹಿಡಿದು ನಿಧಾನಕ್ಕೆ ಬಿಡಿಸಿ. ಹುಲ್ಲು ಬೆಳೆದ ಬದುವಿನ ಮಣ್ಣು ಕಾಳು ಕಾಳಾಗಿ ಉದುರುತ್ತದೆ. ಬೇರಿನ ಅಂಟು, ಶಿಲೀಂಧ್ರದ ಎಳೆ, ಎರೆಹುಳುವಿನ ಹಿಕ್ಕೆ ಸೇರಿ ಕಟ್ಟಿದ ಕಾಳುಗಳು ಅವು. ಕೆಳಗಿನ ಪದರ ಮೂಲೆಯುಳ್ಳ ತುಂಡುಗಳಾಗಿ ಒಡೆಯುತ್ತದೆ. ಎರೆಯ ಆಳದಲ್ಲಿ ಓರೆಯಾದ ತುಂಡುಗಳು, ಮೈ ತಿಕ್ಕಿದಂತೆ ನುಣ್ಣಗೆ ಹೊಳೆಯುತ್ತದೆ. ಉಬ್ಬುವಾಗ ಒಂದರ ಮೇಲೊಂದು ಜಾರಿದ ಗುರುತು ಅದು. ಉಳುಮೆಯ ಆಳಕ್ಕೆ ಸರಿಯಾಗಿ ಅಡ್ಡ ಹಲಗೆಯಂತೆ ಗಟ್ಟಿ ಪದರ ಸಿಕ್ಕರೆ, ಹದ ಇಲ್ಲದಾಗ ಟ್ರ್ಯಾಕ್ಟರ್ ಓಡಿದೆ ಎಂದೇ ಲೆಕ್ಕ.

ಕೊನೆಗೆ ನೀರಿಗೆ ಬಿಡಿ

ನೆರಳಲ್ಲಿ ಒಣಗಿಸಿದ ಕಡಲೆ ಗಾತ್ರದ ಹೆಂಟೆಯೊಂದನ್ನು ಮಳೆನೀರಿನ ಲೋಟಕ್ಕೆ ಮೆಲ್ಲಗೆ ಬಿಡಿ. ಕಲಕಬೇಡಿ. ಐದು ನಿಮಿಷ ಇಡಿಯಾಗಿ ನಿಂತರೆ ಮಣ್ಣಿನ ಕಟ್ಟು ಚೆನ್ನಾಗಿದೆ. ಕುಸಿದು ಗುಪ್ಪೆಯಾದರೆ ಕೊಟ್ಟಿಗೆ ಗೊಬ್ಬರ, ಹಸಿರೆಲೆ ಗೊಬ್ಬರ ಸಾಲದು. ಮಸಾರಿಯಲ್ಲಿ ಮಳೆ ಹೊಡೆದ ಮೇಲೆ ಮೇಲ್ಮೈ ಗಟ್ಟಿ ಕಟ್ಟಿ ಮೊಳಕೆ ಏಳದಿರುವುದು ಇಂಥಲ್ಲೇ ಜಾಸ್ತಿ.

ಒಂದೆರಡು ಗಂಟೆಯಲ್ಲಿ ಹೆಂಟೆಯ ಸುತ್ತ ನೀರು ಹಾಲಿನಂತೆ ಬಗ್ಗಡವಾದರೆ ಅದು ಬೇರೆ ಸಂಗತಿ. ಸೋಡಿಯಂ ಜಾಸ್ತಿಯಾಗಿ ಜೇಡಿ ಬಿಟ್ಟುಕೊಳ್ಳುತ್ತಿದೆ ಎಂಬ ಸುಳಿವು. ಕಾಲುವೆ ನೀರಿನ ಎರೆ ಹೊಲಗಳಲ್ಲಿ ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಮಣ್ಣು ಪರೀಕ್ಷೆ ಮಾಡಿಸಿ, ಸೋಡಿಯಂ ಬಿಡಿಸುವ ಜಿಪ್ಸಂ ಎಷ್ಟು ಬೇಕೆಂದು ತಿಳಿದು, ಬಸಿಗಾಲುವೆ ತೆಗೆದ ಮೇಲೆಯೇ ಹಾಕಿ. ನೀರು ಹೊರಹೋಗಲು ದಾರಿ ಇಲ್ಲದೆ ಜಿಪ್ಸಂ ಸುರಿದರೆ ಸೋಡಿಯಂ ಅಲ್ಲೇ ಉಳಿಯುತ್ತದೆ.