ಲಾಗ್‌ಔಟ್ ಆದಮೇಲೆ ಕಪ್ಪು ಪರದೆ: ನನ್ನ ಅನುಭವ

ನನ್ನ ಡೆಸ್ಕ್‌ಟಾಪ್‌ನಲ್ಲಿ ಇರುವುದು ಲಿನಕ್ಸ್. ಲಾಗಿನ್ ಪರದೆ ತೋರಿಸುವ ಕೆಲಸ ಲೈಟ್‌ಡಿಎಂ ಎಂಬ ಪ್ರೋಗ್ರಾಂನದು. ಕೆಲಸ ಮುಗಿಸಿ ಲಾಗ್‌ಔಟ್ ಕೊಟ್ಟರೆ ಲಾಗಿನ್ ಪರದೆಯೇ ಬರಲಿಲ್ಲ. ಬರೀ ಕಪ್ಪು.

ಇಂಥ ಹೊತ್ತಲ್ಲಿ ಪವರ್ ಬಟನ್ ಒತ್ತಬೇಕು ಅನಿಸುತ್ತದೆ, ಅಲ್ವಾ? ಅದಕ್ಕೂ ಮೊದಲು ಕ್ಯಾಪ್ಸ್ ಲಾಕ್ ಒತ್ತಿ ನೋಡಿ. ಕೀಬೋರ್ಡ್‌ನ ದೀಪ ಹತ್ತಿ ಆರಿದರೆ ಕಂಪ್ಯೂಟರ್ ಪೂರ್ತಿ ನಿಂತಿಲ್ಲ ಎಂದರ್ಥ. ನನ್ನದರಲ್ಲಿ ದೀಪ ಹತ್ತಿತು. ಕಂಟ್ರೋಲ್, ಆಲ್ಟ್, ಎಫ್3 ಒಟ್ಟಿಗೆ ಒತ್ತಿದೆ. ಬರೀ ಅಕ್ಷರಗಳ ಕನ್ಸೋಲ್ ಬಂತು. ಅಂದರೆ ಮಾನಿಟರ್, ಕೇಬಲ್ ಎರಡೂ ಸರಿ ಇವೆ. ಹಾಗಾಗಿ ಅವುಗಳ ತಂಟೆಗೇ ಹೋಗಲಿಲ್ಲ.

ಕನ್ಸೋಲ್‌ನಲ್ಲಿ ಲಾಗಿನ್ ಆಗಿ ಲೈಟ್‌ಡಿಎಂ ಅನ್ನು ರೀಸ್ಟಾರ್ಟ್ ಮಾಡಿದೆ. ಮತ್ತೆ ಕಪ್ಪು. ಇನ್ನು ಊಹೆ ಮಾಡುತ್ತಾ ಕೂರುವುದಕ್ಕಿಂತ ಲಾಗ್, ಅಂದರೆ ಪ್ರೋಗ್ರಾಂಗಳು ನಡೆದದ್ದನ್ನೆಲ್ಲ ಬರೆದಿಡುವ ಫೈಲ್, ಓದುವುದೇ ವಾಸಿ. ವಾರ್ (/var) ಫೋಲ್ಡರ್‌ನ ಒಳಗಿನ ಲಾಗ್ ಫೋಲ್ಡರ್‌ನಲ್ಲಿ ಲೈಟ್‌ಡಿಎಂಗೆ ಅಂತಲೇ ಒಂದು ಜಾಗ ಇರುತ್ತದೆ. ಲಾಗಿನ್ ಪರದೆ ಬಿಡಿಸುವ ಗ್ರೀಟರ್‌ನ ಲಾಗ್ ಕೂಡ ಅಲ್ಲೇ. ಲೈಟ್‌ಡಿಎಂ ಲಾಗ್‌ನ ಕೊನೆಯ ಸಾಲುಗಳಲ್ಲಿ ಉತ್ತರ ಇತ್ತು: ಡಿಸ್ಕ್‌ನಲ್ಲಿ ಜಾಗ ಇಲ್ಲ. ಡಿಸ್ಕ್‌ನ ಜಾಗ ತೋರಿಸುವ ಡಿಎಫ್ ಕಮ್ಯಾಂಡ್ ಕೊಟ್ಟಾಗ, ಸಿಸ್ಟಮ್ ಇರುವ ರೂಟ್ ಪಾರ್ಟಿಷನ್ 100% ತುಂಬಿತ್ತು.

ಹಾಗಾದರೆ ಲಾಗ್‌ಔಟ್ ಆಗುವವರೆಗೂ ಎಲ್ಲ ಹೇಗೆ ನಡೆಯಿತು? ಇದು ನನಗೆ ತುಂಬಾ ಹಿಡಿಸಿದ ಭಾಗ. ಆಗಲೇ ಶುರುವಾಗಿರುವ ಸೆಷನ್ ಜಾಗ ಇಲ್ಲದಿದ್ದರೂ ಹೇಗೋ ಓಡುತ್ತಿರುತ್ತದೆ. ಲಾಗ್‌ಔಟ್ ಆದೊಡನೆ ಗ್ರೀಟರ್ ಹೊಸದಾಗಿ ಶುರುವಾಗಬೇಕು, ತನ್ನ ಸಣ್ಣಪುಟ್ಟ ಫೈಲ್‌ಗಳನ್ನು ಬರೆದುಕೊಳ್ಳಬೇಕು. ಇಎಕ್ಸ್‌ಟಿ4 ಫೈಲ್ ಸಿಸ್ಟಮ್ ಸಾಮಾನ್ಯವಾಗಿ 5% ಜಾಗವನ್ನು ರೂಟ್‌ಗೆಂದೇ, ಅಂದರೆ ಎಲ್ಲ ಅಧಿಕಾರ ಇರುವ ಬಳಕೆದಾರನಿಗೆಂದೇ, ಮೀಸಲಿಡುತ್ತದೆ. ಲೈಟ್‌ಡಿಎಂ ರೂಟ್ ಆಗಿ ಓಡುವುದರಿಂದ ಅದಕ್ಕೆ ಲಾಗ್ ಬರೆಯಲು ಆ ಜಾಗ ಸಿಕ್ಕಿತು. ಗ್ರೀಟರ್ ಮಾತ್ರ ಬೇರೆ, ಸಾಮಾನ್ಯ ಬಳಕೆದಾರನ ಹೆಸರಿನಲ್ಲಿ ಓಡುತ್ತದೆ. ಅದಕ್ಕೆ ಒಂದು ಸಾಲು ಬರೆಯಲೂ ಜಾಗ ಇರಲಿಲ್ಲ, ಶುರುವಾಗುತ್ತಲೇ ನಿಂತುಬಿಟ್ಟಿತು. ಪವರ್ ಬಟನ್ ಒತ್ತಿ ಮತ್ತೆ ಆನ್ ಮಾಡಿದ್ದರೂ ಇದೇ ಕಥೆ.

ಜಾಗ ತಿಂದದ್ದು ಯಾರು ಅಂತ ಡಿಯು ಕಮ್ಯಾಂಡ್‌ನಿಂದ ಹುಡುಕಿದೆ. ಹೋಮ್ ಫೋಲ್ಡರ್‌ನಲ್ಲಿ ಎಕ್ಸ್‌ಸೆಷನ್-ಎರರ್ಸ್ ಎಂಬ ಫೈಲ್ ಜಿಬಿಗಟ್ಟಲೆ ಬೆಳೆದಿತ್ತು. ಹೆಸರು ಚುಕ್ಕಿಯಿಂದ ಶುರುವಾಗುವುದರಿಂದ ಫೈಲ್ ಮ್ಯಾನೇಜರ್‌ನಲ್ಲಿ ಸುಮ್ನೆ ನೋಡಿದರೆ ಕಾಣುವುದಿಲ್ಲ. ಅಳಿಸುವ ಮೊದಲು ಟೇಲ್ ಕಮ್ಯಾಂಡ್‌ನಿಂದ ಅದರ ಕೊನೆಯ ಸಾಲುಗಳನ್ನು ಓದಿಕೊಳ್ಳಿ, ಇದು ಮುಖ್ಯ. ಯಾವ ಪ್ರೋಗ್ರಾಂ ಒಂದೇ ಎರರ್ ಅನ್ನು ಮತ್ತೆ ಮತ್ತೆ ಬರೆಯುತ್ತಿದೆ ಅನ್ನುವುದು ಅಲ್ಲೇ ಸಿಗುತ್ತದೆ. ನನ್ನಲ್ಲಿ ಅದು ಪ್ಯಾನೆಲ್‌ಗೆ ಹಾಕಿಕೊಂಡಿದ್ದ ಒಂದು ಚಿಕ್ಕ ಆಪ್ಲೆಟ್.

ಫೈಲ್ ಅಳಿಸಿದೆ. ಜೊತೆಗೆ ಆಪ್ಟ್ ಕ್ಲೀನ್ ಕಮ್ಯಾಂಡ್ ಓಡಿಸಿ, ಡೌನ್‌ಲೋಡ್ ಆಗಿ ಉಳಿದಿದ್ದ ಪ್ಯಾಕೇಜ್ ಫೈಲ್‌ಗಳನ್ನೂ ತೆಗೆದೆ. ಲೈಟ್‌ಡಿಎಂ ರೀಸ್ಟಾರ್ಟ್ ಮಾಡಿದ ಕೂಡಲೇ ಲಾಗಿನ್ ಪರದೆ ಬಂತು. ಒಳಗೆ ಹೋಗಿ ಮೊದಲು ಆ ಆಪ್ಲೆಟ್ ಕಿತ್ತುಹಾಕಿದೆ, ಇಲ್ಲದಿದ್ದರೆ ಡಿಸ್ಕ್ ಮತ್ತೆ ತುಂಬುತ್ತಿತ್ತು. ನಿಮ್ಮ ಡಿಎಫ್‌ನಲ್ಲಿ ಜಾಗ ಖಾಲಿ ಇದ್ದೂ ಲಾಗ್‌ನಲ್ಲಿ ಇದೇ ಎರರ್ ಬಂದರೆ, ಡಿಎಫ್‌ಗೆ -ಐ (-i) ಸೇರಿಸಿ ಐನೋಡ್‌ಗಳು, ಅಂದರೆ ಪ್ರತಿ ಫೈಲ್‌ಗೂ ಒಂದರಂತೆ ಬೇಕಾಗುವ ದಾಖಲೆಗಳು, ಮುಗಿದಿವೆಯೇ ನೋಡಿ. ಸಣ್ಣ ಸಣ್ಣ ಫೈಲ್‌ಗಳು ತುಂಬಾ ಜಾಸ್ತಿಯಾದರೆ ಹೀಗೂ ಆಗುತ್ತದೆ.