ಮಕ್ಕಳ ಮಲೇರಿಯಾ: ಯಾವ ಔಷಧ, ಎಷ್ಟು, ಏಕೆ

ಮಂಗಳೂರು ಕಡೆ ಮಕ್ಕಳಲ್ಲಿ ಸಿಗುವ ಮಲೇರಿಯಾ ರೋಗಾಣು ಬಹುಪಾಲು ವೈವ್ಯಾಕ್ಸ್ ಜಾತಿಯದು, ನಡುವೆ ಫಾಲ್ಸಿಪ್ಯಾರಮ್. ಎರಡಕ್ಕೂ ಔಷಧ ಬೇರೆ. ಹಾಗಾಗಿ ರಕ್ತಪರೀಕ್ಷೆಯ ವರದಿ ನೋಡಿ, ಮಗುವಿನ ತೂಕ ಹಾಕಿ, ಆಮೇಲೆ ಡೋಸ್ ಬರೆಯುತ್ತೇನೆ.

ವೈವ್ಯಾಕ್ಸ್‌ಗೆ ನಮ್ಮಲ್ಲಿ ಈಗಲೂ ಕ್ಲೋರೋಕ್ವಿನ್. ಮೂರು ದಿನ, ಕೆಜಿಗೆ 10, 10, 5 ಮಿ.ಗ್ರಾಂ ಬೇಸ್ (ಮಾತ್ರೆಯ ಲವಣದಲ್ಲಿರುವ ನಿಜವಾದ ಔಷಧದ ಪಾಲು). 12 ಕೆಜಿಯ ಮಗುವಿಗೆ 120, 120, 60. ತಪ್ಪುವುದು ಇಲ್ಲೇ: 250 ಮಿ.ಗ್ರಾಂ ಮಾತ್ರೆಯಲ್ಲಿ ಬೇಸ್ ಇರುವುದು 150 ಮಾತ್ರ. ಸ್ಟ್ರಿಪ್ ಮೇಲಿನ 250 ಹಿಡಿದು ಲೆಕ್ಕ ಹಾಕಿದರೆ ಮಗುವಿಗೆ ಐದರಲ್ಲಿ ಮೂರು ಪಾಲಷ್ಟೇ ಸಿಗುತ್ತದೆ. ಸಿರಪ್ ಆದರೂ 5 ಎಂಎಲ್‌ನಲ್ಲಿ ಎಷ್ಟು ಬೇಸ್ ಎಂದು ಬಾಟಲಿ ಓದಿಯೇ ಹೇಳುತ್ತೇನೆ. ವಿಪರೀತ ಕಹಿ, ಏನಾದರೂ ತಿನ್ನಿಸಿ, ಬಾಳೆಹಣ್ಣಿನಲ್ಲಿ ಕಿವುಚಿ ಕೊಡಿಸುತ್ತೇನೆ. ಅರ್ಧ ಗಂಟೆಯೊಳಗೆ ವಾಂತಿಯಾದರೆ ಪೂರ್ತಿ ಡೋಸ್ ಮತ್ತೆ ಕೊಡಬೇಕು.

ಪಿತ್ತಜನಕಾಂಗದಲ್ಲಿ ಅಡಗಿದ ರೋಗಾಣುವನ್ನು ಕ್ಲೋರೋಕ್ವಿನ್ ಮುಟ್ಟುವುದಿಲ್ಲ. ಅದಕ್ಕೆ ಪ್ರೈಮಾಕ್ವಿನ್, ಕೆಜಿಗೆ 0.25 ಮಿ.ಗ್ರಾಂ, 14 ದಿನ. ಒಂದು ವರ್ಷದೊಳಗಿನ ಕೂಸಿಗೆ ಬೇಡ. ಜಿ6ಪಿಡಿ ಪರೀಕ್ಷೆ ಮೊದಲೇ ಮಾಡಿಸುತ್ತೇನೆ: ಈ ಕಿಣ್ವ ಕಡಿಮೆ ಇರುವ ಮಗುವಿಗೆ ಪ್ರೈಮಾಕ್ವಿನ್ ಕೊಟ್ಟರೆ ಕೆಂಪು ರಕ್ತಕಣ ಒಡೆಯುತ್ತದೆ. ಮೂತ್ರ ಕಪ್ಪಾದರೆ ತಕ್ಷಣ ನಿಲ್ಲಿಸಿ ಬರಲು ಹೇಳುತ್ತೇನೆ. ಜ್ವರ ಬಿಟ್ಟಿತೆಂದು ನಾಲ್ಕನೇ ದಿನಕ್ಕೇ ಮಾತ್ರೆ ಬಿಡುವ ಮನೆಗಳು ಬಹಳ. ಅದೇ ಮಗು ತಿಂಗಳುಗಳ ನಂತರ ಮತ್ತೆ ನಡುಗುತ್ತಾ ಬರುತ್ತದೆ. ಕ್ಯಾಲೆಂಡರಿನಲ್ಲಿ 14 ಗುರುತು ಹಾಕಿಸುವುದು ಅದಕ್ಕೇ.

ಫಾಲ್ಸಿಪ್ಯಾರಮ್‌ಗೆ ಎರಡು ಔಷಧ ಜೋಡಿಗಳಿವೆ. 2013ರ ರಾಷ್ಟ್ರೀಯ ಔಷಧ ನೀತಿ ಈಶಾನ್ಯ ರಾಜ್ಯಗಳಿಗೆ ಆರ್ಟಿಮೆಥರ್-ಲ್ಯೂಮೆಫ್ಯಾಂಟ್ರಿನ್, ಉಳಿದೆಡೆ ಆರ್ಟಿಸುನೇಟ್ ಜೊತೆ ಸಲ್ಫಾಡಾಕ್ಸಿನ್-ಪೈರಿಮೆಥಮಿನ್ ಎಂದಿತು. ಎರಡನೆಯದು ದಿನಕ್ಕೊಮ್ಮೆ, ಮೂರೇ ದಿನ (ಸಲ್ಫಾಡಾಕ್ಸಿನ್ ಜೋಡಿ ಮೊದಲ ದಿನ ಮಾತ್ರ). ಮನೆಯಲ್ಲಿ ತಪ್ಪುವುದು ಕಡಿಮೆ. ಆದರೆ ಸಲ್ಫಾಡಾಕ್ಸಿನ್‌ಗೆ ರೋಗಾಣು ಬಗ್ಗದ ಕಡೆ ಆರ್ಟಿಸುನೇಟ್ ಒಂಟಿಯಾಗುತ್ತದೆ. ಆರ್ಟಿಮೆಥರ್ ಜೋಡಿಗೆ ಆರು ಡೋಸ್, ಎರಡನೇ ಡೋಸ್ ಮೊದಲನೆಯದಾಗಿ 8 ಗಂಟೆಯ ಬಳಿಕ, ಹಾಲು ಅಥವಾ ಕೊಬ್ಬಿನ ಆಹಾರದೊಂದಿಗೆ. ಬರಿಹೊಟ್ಟೆಗೆ ಕೊಟ್ಟರೆ ಲ್ಯೂಮೆಫ್ಯಾಂಟ್ರಿನ್ ರಕ್ತಕ್ಕೆ ಸರಿಯಾಗಿ ಸೇರದು. ಆರ್ಟಿಸುನೇಟ್ ಜೋಡಿಯ ಬಣ್ಣದ ಪ್ಯಾಕೆಟ್‌ಗಳು ವಯಸ್ಸಿನ ಲೆಕ್ಕದವು. ಸೊರಗಿದ ಮಗುವಿಗೆ ನಾನು ತೂಕವನ್ನೇ ನಂಬುತ್ತೇನೆ.

ಮಗು ಮಂಕಾದರೆ, ಫಿಟ್ಸ್ ಬಂದರೆ, ಬಾಯಿಗೆ ಹಾಕಿದ್ದು ನಿಲ್ಲದಿದ್ದರೆ ಮಾತ್ರೆಯ ಮಾತೇ ಇಲ್ಲ, ಆರ್ಟಿಸುನೇಟ್ ಇಂಜೆಕ್ಷನ್. 2010ರಲ್ಲಿ ಪ್ರಕಟವಾದ ಆಫ್ರಿಕಾದ ಅಧ್ಯಯನದಲ್ಲಿ 5,425 ಮಕ್ಕಳಿದ್ದರು: ಹಳೆಯ ಔಷಧ ಕ್ವಿನೈನ್ ಪಡೆದವರಲ್ಲಿ ಶೇ. 10.9, ಆರ್ಟಿಸುನೇಟ್ ಪಡೆದವರಲ್ಲಿ ಶೇ. 8.5 ಸಾವು. ಕ್ವಿನೈನ್‌ನಲ್ಲಿ ರಕ್ತದ ಸಕ್ಕರೆ ಕುಸಿಯುವ ಭಯವೂ ಹೆಚ್ಚು. ಆರ್ಟಿಸುನೇಟ್ ಇಂಜೆಕ್ಷನ್ ಡೋಸ್, 20 ಕೆಜಿಗಿಂತ ಕಡಿಮೆ ಇದ್ದರೆ ಕೆಜಿಗೆ 3 ಮಿ.ಗ್ರಾಂ, ಹೆಚ್ಚಿದ್ದರೆ 2.4, ಶುರುವಿಗೆ, 12 ಮತ್ತು 24 ಗಂಟೆಗೆ, ನಂತರ ದಿನಕ್ಕೊಮ್ಮೆ. ಬೆರೆಸಿದ ಔಷಧವನ್ನು ಗಂಟೆಯೊಳಗೆ ಮುಗಿಸಬೇಕು. ಕಣ್ಣು ತೆರೆದು ನುಂಗುವಂತಾದ ಮೇಲೆ ಮೂರು ದಿನದ ಮಾತ್ರೆ ಕೋರ್ಸ್ ಪೂರ್ತಿ ಕೊಡುತ್ತೇನೆ. ಈ ಇಂಜೆಕ್ಷನ್ ಆದ ಒಂದರಿಂದ ನಾಲ್ಕು ವಾರದೊಳಗೆ ರಕ್ತಕಣ ಒಡೆಯಬಹುದು, ಅದಕ್ಕೆ ಹಿಮೋಗ್ಲೋಬಿನ್ ಮತ್ತೆ ನೋಡುತ್ತೇನೆ.